ಡಬ್ಬದ ಹಿಂಬದಿ ಓದಿ: ಕಾರಿಗೆ ಸರಿಯಾದ ಸಿಂಥೆಟಿಕ್ ಆಯಿಲ್ ಆರಿಸುವುದು ಹೇಗೆ?

"ನನ್ನ ಕಾರಿಗೆ ಯಾವ ಸಿಂಥೆಟಿಕ್ ಆಯಿಲ್ ಹಾಕಿಸಲಿ?" ಕಾರಿನ ವಿಷಯ ಬರೆಯಲು ಶುರು ಮಾಡಿದಾಗಿನಿಂದ ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದೇ. ಕೇಳುವವರು ಒಂದು ಬ್ರಾಂಡ್ ಹೆಸರು ಹೇಳಿಬಿಡಿ ಅನ್ನುತ್ತಾರೆ. ನಾನು ಹೆಸರು ಹೇಳುವುದಿಲ್ಲ. ಒಂದೇ ಕಂಪನಿಯ ಐದು ಡಬ್ಬ ಸಾಲಾಗಿ ಇಟ್ಟರೆ, ನಿಮ್ಮ ಕಾರಿಗೆ ಹೊಂದುವುದು ಅದರಲ್ಲಿ ಒಂದೇ ಇರಬಹುದು. ಆದರೆ ಐದರ ಮೇಲೂ 'ಫುಲ್ಲಿ ಸಿಂಥೆಟಿಕ್' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ನಿಮಗೆ ಬೇಕಾದ ಆ ಒಂದನ್ನು ನೀವೇ ಗುರುತಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಡಬ್ಬದ ಮುಂದಿನ ಭಾಗ ಬಿಟ್ಟು ಹಿಂಬದಿ ಓದುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಶುರು ಮಾಡುವ ಮೊದಲು ಇಷ್ಟು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ: ಕಾರಿನ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್, ಹಿಂದಿನ ಸರ್ವೀಸ್ ಬಿಲ್, ಒಂದು ತುಂಡು ಹತ್ತಿ ಬಟ್ಟೆ. ನಿಮ್ಮ ಎಂಜಿನ್ ಪೆಟ್ರೋಲಾ ಡೀಸೆಲ್ಲಾ, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇದೆಯಾ ಇಲ್ಲವಾ, ಕಾರು ಯಾವ ವರ್ಷದ್ದು ಅನ್ನುವುದು ಗೊತ್ತಿರಲಿ.

ಸಿಂಥೆಟಿಕ್ ಅಂದರೆ ಏನು?

ಎಂಜಿನ್ ಆಯಿಲ್‌ನಲ್ಲಿ ಎರಡು ಪಾಲು ಇರುತ್ತದೆ. ದೊಡ್ಡ ಪಾಲು ಬೇಸ್ ಆಯಿಲ್, ಅಂದರೆ ಮೂಲ ಎಣ್ಣೆ. ಉಳಿದದ್ದು ಅಡಿಟಿವ್‌ಗಳು. ಕೊಳೆ ಬಿಡಿಸುವುದು, ಬಿಟ್ಟ ಕೊಳೆ ಮತ್ತೆ ಗಟ್ಟಿಯಾಗಿ ಕೂರದಂತೆ ತೇಲಿಸಿ ಇಡುವುದು, ಲೋಹಕ್ಕೆ ಲೋಹ ಉಜ್ಜುವಲ್ಲಿ ಸವೆತ ತಡೆಯುವುದು, ಇವೆಲ್ಲ ಅಡಿಟಿವ್‌ಗಳ ಕೆಲಸ.

ಬೇಸ್ ಆಯಿಲ್‌ಗಳನ್ನು ಐದು ಗುಂಪು ಮಾಡಿದ್ದಾರೆ. ಗುಂಪು 1 ಮತ್ತು 2 ಮಾಮೂಲಿ ಮಿನರಲ್ ಆಯಿಲ್. ಗುಂಪು 3 ಕೂಡ ಕಚ್ಚಾ ತೈಲದಿಂದಲೇ ಬರುತ್ತದೆ. ಆದರೆ ಹೆಚ್ಚು ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಅದರ ಅಣುಗಳ ರಚನೆಯನ್ನೇ ಬದಲಿಸಿರುತ್ತಾರೆ. ಗುಂಪು 4 ಅಂದರೆ ಪಾಲಿ ಆಲ್ಫಾ ಓಲೆಫಿನ್, ಚಿಕ್ಕ ಅಣುಗಳನ್ನು ಜೋಡಿಸಿ ಕಟ್ಟಿದ ಎಣ್ಣೆ. ಎಸ್ಟರ್‌ನಂಥ ಉಳಿದವು ಗುಂಪು 5. ಗುಂಪು 3ನ್ನು ಸಿಂಥೆಟಿಕ್ ಅಂತ ಕರೆಯಬಹುದಾ ಅನ್ನುವ ಜಗಳ ಅಮೆರಿಕದಲ್ಲಿ ಎರಡು ದೊಡ್ಡ ಕಂಪನಿಗಳ ನಡುವೆ ನಡೆಯಿತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಕರೆಯಬಹುದು ಅಂತ ತೀರ್ಮಾನಿಸಿತು. ಇವತ್ತು ಅಂಗಡಿಯಲ್ಲಿ ಸಿಗುವ ಸಿಂಥೆಟಿಕ್‌ಗಳಲ್ಲಿ ಬಹಳಷ್ಟು ಗುಂಪು 3ರವೇ. ಇದರಲ್ಲಿ ಮೋಸವೇನೂ ಇಲ್ಲ, ಒಳ್ಳೆಯ ಎಣ್ಣೆಯೇ. ಒಂದನ್ನು ಮಾತ್ರ ನೆನಪಿಡಿ: 'ಸಿಂಥೆಟಿಕ್' ಅನ್ನುವ ಪದ ಎಣ್ಣೆಯ ಗುಣಮಟ್ಟವನ್ನು ಅಳೆದು ಹೇಳುವುದಿಲ್ಲ. ಅಳೆದು ಹೇಳುವ ಗುರುತುಗಳು ಬೇರೆ ಇವೆ. 'ಸೆಮಿ ಸಿಂಥೆಟಿಕ್' ಅಂತೂ ಇನ್ನೂ ಸಡಿಲ ಪದ. ಎಷ್ಟು ಪಾಲು ಸಿಂಥೆಟಿಕ್ ಇರಲೇಬೇಕು ಅನ್ನುವ ಒಂದು ಅಳತೆ ಅದಕ್ಕಿಲ್ಲ.

ಹಾಗಾದರೆ ಸಿಂಥೆಟಿಕ್‌ನಿಂದ ಲಾಭ ಇಲ್ಲವಾ? ಖಂಡಿತ ಇದೆ. ಬಿಸಿಗೆ ಬೇಗ ಕೆಡುವುದಿಲ್ಲ, ಆವಿಯಾಗಿ ಹೋಗುವುದು ಕಡಿಮೆ, ಚಳಿಯಲ್ಲೂ ಸಲೀಸಾಗಿ ಹರಿಯುತ್ತದೆ. ಟರ್ಬೊ ಇರುವ ಎಂಜಿನ್‌ಗೆ ಇದು ದೊಡ್ಡ ಉಪಕಾರ. ಟರ್ಬೊದ ಬೇರಿಂಗ್ ಸುತ್ತ ಬಿಸಿ ಎಷ್ಟಿರುತ್ತದೆ ಅಂದರೆ ಸಾಧಾರಣ ಎಣ್ಣೆ ಅಲ್ಲೇ ಸುಟ್ಟು ಇದ್ದಿಲಾಗಿ ಅಂಟಿಕೊಳ್ಳುತ್ತದೆ.

ಹಂತ 1: ಮ್ಯಾನ್ಯುಯಲ್‌ನ ಆ ಒಂದು ಪುಟ ಹುಡುಕಿ

ಮ್ಯಾನ್ಯುಯಲ್‌ನ ಕೊನೆಯ ಭಾಗದಲ್ಲಿ ಆಯಿಲ್, ಕೂಲಂಟ್, ಬ್ರೇಕ್ ಫ್ಲೂಯಿಡ್‌ಗಳ ಪಟ್ಟಿ ಇರುತ್ತದೆ. ಅಲ್ಲಿಂದ ಮೂರು ವಿಷಯ ಬರೆದುಕೊಳ್ಳಿ. ಒಂದು, ಗ್ರೇಡ್, ಉದಾಹರಣೆಗೆ 5ಡಬ್ಲ್ಯೂ-30. ಎರಡು, ಗುಣಮಟ್ಟದ ಗುರುತು. ಎಪಿಐ ಎಸ್‌ಪಿ, ಎಸಿಇಎ ಸಿ3 ಅಥವಾ ಕಾರು ಕಂಪನಿಯದೇ ಒಂದು ಸಂಖ್ಯೆ. ಇವುಗಳ ಅರ್ಥ ಹಂತ 3 ಮತ್ತು 4ರಲ್ಲಿದೆ. ಮೂರು, ಫಿಲ್ಟರ್ ಬದಲಿಸಿದಾಗ ಎಷ್ಟು ಲೀಟರ್ ಹಿಡಿಯುತ್ತದೆ ಅನ್ನುವುದು.

ಇಲ್ಲಿ ಒಂದು ಎಚ್ಚರ. ಒಂದೇ ಮಾಡೆಲ್ ಹೆಸರಿನಲ್ಲಿ ಎರಡು ಮೂರು ಎಂಜಿನ್ ಇರುವುದು ಸಾಮಾನ್ಯ. ಪಕ್ಕದ ಮನೆಯವರ ಕಾರೂ ಅದೇ ಮಾಡೆಲ್ ಅಂತ ಅವರು ಹಾಕಿಸಿದ್ದನ್ನೇ ಹಾಕಿಸಬೇಡಿ. ಪಟ್ಟಿಯಲ್ಲಿ ನಿಮ್ಮ ಎಂಜಿನ್‌ನ ಸಾಲನ್ನೇ ನೋಡಿ. ಮ್ಯಾನ್ಯುಯಲ್ ಕಳೆದುಹೋಗಿದ್ದರೆ ಕಾರು ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ, ಹೆಚ್ಚಿನ ಕಂಪನಿಗಳು ಅಲ್ಲಿ ಇಟ್ಟಿರುತ್ತವೆ. ಎಷ್ಟೋ ಕಾರುಗಳಲ್ಲಿ ಆಯಿಲ್ ಹಾಕುವ ಮುಚ್ಚಳದ ಮೇಲೇ ಗ್ರೇಡ್ ಅಚ್ಚಾಗಿರುತ್ತದೆ.

ಹಂತ 2: ಗ್ರೇಡ್ ಅರ್ಥ ಮಾಡಿಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

5ಡಬ್ಲ್ಯೂ-30 ತೆಗೆದುಕೊಳ್ಳಿ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದಕ್ಕೂ ಮೊದಲು ಇರುವ 5 ತಣ್ಣಗಿನ ಎಂಜಿನ್‌ಗೆ ಸಂಬಂಧಿಸಿದ್ದು. ಮೈನಸ್ 30 ಡಿಗ್ರಿಯಲ್ಲಿ ಸ್ಟಾರ್ಟರ್ ಮೋಟರ್ ಎಂಜಿನ್ ತಿರುಗಿಸಲು ಆಗುವಷ್ಟು, ಮೈನಸ್ 35ರಲ್ಲಿ ಪಂಪ್ ಎಳೆದುಕೊಳ್ಳಲು ಆಗುವಷ್ಟು ಎಣ್ಣೆ ಸಡಿಲವಾಗಿರಬೇಕು. 0ಡಬ್ಲ್ಯೂ ಆದರೆ ಇನ್ನೂ 5 ಡಿಗ್ರಿ ಕೆಳಗೆ, 10ಡಬ್ಲ್ಯೂ ಆದರೆ 5 ಡಿಗ್ರಿ ಮೇಲೆ. ಕೊನೆಯ 30 ಬಿಸಿಯಾದ ಎಂಜಿನ್‌ಗೆ ಸಂಬಂಧಿಸಿದ್ದು. 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ಮಂದ ಇರುತ್ತದೆ ಅನ್ನುವ ಅಳತೆ ಅದು. 20 ಅಂದರೆ ತೆಳು, 40 ಅಂದರೆ ಮಂದ. ಈ ಸಂಖ್ಯೆಗಳು ಡಿಗ್ರಿ ಅಲ್ಲ, ಶೇಕಡಾವಾರೂ ಅಲ್ಲ. ಎಸ್‌ಎಇ ಅನ್ನುವ ಎಂಜಿನಿಯರುಗಳ ಸಂಸ್ಥೆ ಮಾಡಿದ ವರ್ಗದ ಹೆಸರುಗಳು ಅಷ್ಟೇ.

"ನಮ್ಮಲ್ಲಿ ಅಷ್ಟು ಚಳಿಯೇ ಇಲ್ಲ, ಡಬ್ಲ್ಯೂ ಸಂಖ್ಯೆ ನೋಡಿ ಏನು ಮಾಡಲಿ?" ಅಂತ ಕೆಲವರು ಕೇಳುತ್ತಾರೆ. ಬೆಚ್ಚಗಿನ ಬೆಳಗಿನಲ್ಲೂ ನಿಂತ ಎಂಜಿನ್ ಎಣ್ಣೆಯ ಲೆಕ್ಕದಲ್ಲಿ ತಣ್ಣಗೇ. 5ಡಬ್ಲ್ಯೂ-30 ಎಣ್ಣೆ 40 ಡಿಗ್ರಿಯಲ್ಲಿ ಇರುವಾಗ, 100 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಆರು ಪಟ್ಟು ಮಂದ. ಎಂಜಿನ್ ಸವೆತದಲ್ಲಿ ಸ್ಟಾರ್ಟ್ ಮಾಡಿದ ಮೊದಲ ಹೊತ್ತಿನ ಪಾಲು ದೊಡ್ಡದು. ಆಗ ಎಣ್ಣೆ ಎಷ್ಟು ಬೇಗ ಮೇಲೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ವರೆಗೆ ತಲುಪಿದರೆ ಅಷ್ಟು ಒಳ್ಳೆಯದು.

ಇನ್ನೊಂದು ನಂಬಿಕೆ, ಮಂದ ಎಣ್ಣೆ ಹಾಕಿದರೆ ಎಂಜಿನ್‌ಗೆ ರಕ್ಷಣೆ ಜಾಸ್ತಿ ಅನ್ನುವುದು. ಹಳೇ ಎಂಜಿನ್‌ಗಳ ಕಾಲದಲ್ಲಿ ಅದರಲ್ಲಿ ಸ್ವಲ್ಪ ಹುರುಳಿತ್ತು. ಈಗಿನ ಎಂಜಿನ್‌ಗಳಲ್ಲಿ ಎಣ್ಣೆ ಓಡುವ ದಾರಿಗಳು ಕಿರಿದು, ಭಾಗಗಳ ನಡುವಿನ ಸಂದು ಕಡಿಮೆ. ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವ್ಯವಸ್ಥೆ ಬಹಳಷ್ಟು ಕಾರುಗಳಲ್ಲಿ ಎಣ್ಣೆಯ ಒತ್ತಡದಿಂದಲೇ ನಡೆಯುತ್ತದೆ. 0ಡಬ್ಲ್ಯೂ-20 ಕೇಳುವ ಎಂಜಿನ್‌ಗೆ 20ಡಬ್ಲ್ಯೂ-50 ಸುರಿದರೆ ಎಣ್ಣೆ ತಡವಾಗಿ ಹರಿಯುತ್ತದೆ, ಆ ವ್ಯವಸ್ಥೆ ತಡಬಡಾಯಿಸುತ್ತದೆ, ಮೈಲೇಜೂ ಇಳಿಯುತ್ತದೆ. ನನ್ನ ಕಾರಿಗೇ ಒಮ್ಮೆ ಒಂದು ಗ್ಯಾರೇಜಿನಲ್ಲಿ "ಬೇಸಿಗೆ ಅಲ್ವಾ ಸರ್" ಅಂತ ಹೇಳಿ ಮಂದ ಎಣ್ಣೆ ಹಾಕಿದ್ದರು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಟಕಟಕ ಸದ್ದು ಶುರುವಾಯಿತು. ಸರಿಯಾದ ಗ್ರೇಡ್ ಹಾಕಿಸಿದ ಮೇಲೆ ನಿಂತಿತು.

ಇದರ ಉಲ್ಟಾ ಕೂಡ ಅಷ್ಟೇ ಅಪಾಯ. 40 ಕೇಳುವ ಎಂಜಿನ್‌ಗೆ ಮೈಲೇಜ್ ಆಸೆಗೆ 20 ಹಾಕಿದರೆ, ಬಿಸಿಯಲ್ಲಿ ಬೇರಿಂಗ್ ಮೇಲಿನ ಎಣ್ಣೆಯ ಪದರ ಬೇಕಾದಷ್ಟು ದಪ್ಪ ಉಳಿಯುವುದಿಲ್ಲ.

ಮ್ಯಾನ್ಯುಯಲ್ ಒಂದಕ್ಕಿಂತ ಹೆಚ್ಚು ಗ್ರೇಡ್ ಒಪ್ಪಿದ್ದರೆ ನಿಮ್ಮ ಊರಿನ ಹವೆ ನೋಡಿ ಆರಿಸಿ. ಅಲ್ಲೇ ಹವೆಗೆ ತಕ್ಕ ಚಾರ್ಟ್ ಇರುತ್ತದೆ. ಒಂದೇ ಗ್ರೇಡ್ ಹೇಳಿದ್ದರೆ ಅದೇ, ಬೇರೆ ಯೋಚನೆ ಬೇಡ.

ಹಂತ 3: ಎಪಿಐ, ಎಸಿಇಎ ಗುರುತು ನೋಡಿ

ಗ್ರೇಡ್ ಎಣ್ಣೆಯ ಮಂದತನ ಹೇಳುತ್ತದೆ, ಗುಣ ಹೇಳುವುದಿಲ್ಲ. ಗುಣ ಹೇಳುವುದು ಈ ಗುರುತುಗಳು.

ಎಪಿಐ ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್. ಡಬ್ಬದ ಹಿಂದೆ ಬಳೆಯ ಹಾಗೆ ದುಂಡಗಿನ ಒಂದು ಚಿಹ್ನೆ ಇರುತ್ತದೆ. ಅದರ ಮೇಲಿನ ಅಂಚಿನಲ್ಲಿ ಎಪಿಐ ದರ್ಜೆ, ನಡುವೆ ಗ್ರೇಡ್. ಪೆಟ್ರೋಲ್ ಎಂಜಿನ್ ದರ್ಜೆ ಎಸ್ ಅಕ್ಷರದಿಂದ ಶುರುವಾಗುತ್ತದೆ, ಡೀಸೆಲ್‌ದು ಸಿ ಇಂದ. ಪೆಟ್ರೋಲ್‌ನಲ್ಲಿ ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಹೊಸ ದರ್ಜೆಯ ಎಣ್ಣೆಯನ್ನು ಹಳೇ ಪೆಟ್ರೋಲ್ ಕಾರಿಗೆ ಹಾಕಬಹುದು, ಗ್ರೇಡ್ ಸರಿ ಇದ್ದರೆ ಸಾಕು. ಹಳೇ ದರ್ಜೆಯದನ್ನು ಹೊಸ ಕಾರಿಗೆ ಹಾಕುವಂತಿಲ್ಲ. ಅಗ್ಗದ ಡಬ್ಬಗಳಲ್ಲಿ ಎಸ್‌ಎಫ್ ಅಂತ ಬರೆದಿದ್ದರೆ ಕೆಳಗಿಡಿ. ಆ ದರ್ಜೆ 1988ರ ನಂತರ ತಯಾರಾದ ಎಂಜಿನ್‌ಗಳಿಗೆ ಸಾಲುವುದಿಲ್ಲ.

ಎಸ್‌ಪಿ ಯಾಕೆ ಮುಖ್ಯ? ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳಿಗೆ ಒಂದು ಕಾಯಿಲೆ ಇದೆ. ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆಲೆ ಆಕ್ಸಿಲರೇಟರ್ ಒತ್ತಿದಾಗ, ಸ್ಪಾರ್ಕ್ ಬರುವ ಮೊದಲೇ ಸಿಲಿಂಡರ್‌ನಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಒಡೆಯುವಷ್ಟು ಜೋರಿನ ಹೊಡೆತ ಅದು. ಎಣ್ಣೆಯಲ್ಲಿ ಕ್ಯಾಲ್ಸಿಯಂ ಇರುವ ಡಿಟರ್ಜೆಂಟ್ ಜಾಸ್ತಿಯಾದರೆ ಈ ಸಮಸ್ಯೆ ಹೆಚ್ಚುತ್ತದೆ ಅನ್ನುವುದು ಪರೀಕ್ಷೆಗಳಿಂದ ಗೊತ್ತಾಗಿದೆ. ಇದನ್ನು ತಡೆಯುವ ಪರೀಕ್ಷೆ ಎಸ್‌ಪಿ ದರ್ಜೆಯಲ್ಲಿ ಸೇರಿದೆ. ನಿಮ್ಮದು ಟರ್ಬೊ ಪೆಟ್ರೋಲ್ ಆದರೆ ಎಸ್‌ಪಿಗಿಂತ ಕೆಳಗೆ ಇಳಿಯಲೇಬೇಡಿ ಅನ್ನುವುದು ನನ್ನ ಸಲಹೆ.

ಎಸಿಇಎ ಯುರೋಪಿನ ಕಾರು ತಯಾರಕರ ಸಂಘದ ಗುರುತು. ಎ3/ಬಿ4 ಥರದ ಗುರುತು ಡಿಪಿಎಫ್ ಇಲ್ಲದ ಕಾರುಗಳಿಗೆ. ಸಿ2, ಸಿ3, ಸಿ5, ಸಿ6 ಅನ್ನುವವು ಡಿಪಿಎಫ್ ಇರುವವಕ್ಕೆ. ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಸೈಲೆನ್ಸರ್ ಸಾಲಿನಲ್ಲಿ ಕೂತಿರುತ್ತದೆ. ಎಂಜಿನ್‌ನಲ್ಲಿ ಸ್ವಲ್ಪ ಎಣ್ಣೆ ಸುಡುವುದು ಸಹಜ. ಅದರ ಲೋಹದ ಅಂಶ ಬೂದಿಯಾಗಿ ಈ ಫಿಲ್ಟರ್‌ನಲ್ಲಿ ಉಳಿಯುತ್ತದೆ. ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿಯನ್ನು ಸುಡಲು ಆಗುವುದಿಲ್ಲ. ಅದಕ್ಕೇ ಸಿ ಗುಂಪಿನ ಎಣ್ಣೆಗಳಲ್ಲಿ ಬೂದಿಯ ಅಂಶಕ್ಕೆ ಮಿತಿ ಇದೆ. ಸಿ3ರಲ್ಲಿ ಅದು ಶೇ 0.8 ದಾಟುವಂತಿಲ್ಲ, ಎ3/ಬಿ4ರಲ್ಲಿ ಶೇ 1.6ರವರೆಗೂ ಹೋಗಬಹುದು. ಡಿಪಿಎಫ್ ಇರುವ ಡೀಸೆಲ್ ಕಾರಿಗೆ ತಪ್ಪು ಎಣ್ಣೆ ಹಾಕಿದರೆ ಅಂದೇ ಏನೂ ಗೊತ್ತಾಗುವುದಿಲ್ಲ. ಫಿಲ್ಟರ್ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಹೊಸ ಫಿಲ್ಟರ್‌ಗೆ ಕೊಡುವ ದುಡ್ಡಿನಲ್ಲಿ ವರ್ಷಗಟ್ಟಲೆ ಒಳ್ಳೇ ಎಣ್ಣೆ ಹಾಕಿಸಬಹುದು.

ಹಂತ 4: ಕಾರು ಕಂಪನಿಯ ಒಪ್ಪಿಗೆ ಸಂಖ್ಯೆ

ಕೆಲವು ಕಂಪನಿಗಳು ಎಪಿಐ, ಎಸಿಇಎ ಸಾಲದು ಅಂತ ತಮ್ಮದೇ ಪರೀಕ್ಷೆ ಇಟ್ಟಿವೆ. ಫೋಕ್ಸ್‌ವ್ಯಾಗನ್ 504 00/507 00, ಮರ್ಸಿಡಿಸ್ ಬೆಂಜ್ 229.51, ಬಿಎಂಡಬ್ಲ್ಯೂ ಲಾಂಗ್‌ಲೈಫ್-04, ಜನರಲ್ ಮೋಟರ್ಸ್‌ನ ಡೆಕ್ಸೋಸ್ ಇಂಥವು. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಹೀಗೆ ಸಂಖ್ಯೆ ಇದ್ದರೆ ಡಬ್ಬದ ಹಿಂದೆ ಅದೇ ಸಂಖ್ಯೆ ಇರಬೇಕು. ಇಲ್ಲಿ "ಹೊಸದು ಹಳೆಯದಕ್ಕೂ ಆಗುತ್ತೆ" ಅನ್ನುವ ಲೆಕ್ಕ ನಡೆಯುವುದಿಲ್ಲ. ಫೋಕ್ಸ್‌ವ್ಯಾಗನ್ 508 00 ಹೊಸ ಸಂಖ್ಯೆಯೇ, ಆದರೆ ಅದು 0ಡಬ್ಲ್ಯೂ-20 ಗ್ರೇಡಿನ ತೆಳು ಎಣ್ಣೆ. ಆ ಕಂಪನಿಯ ಹಳೇ ಎಂಜಿನ್‌ಗಳಿಗೆ ಹಾಕುವಂತಿಲ್ಲ.

ಪದಗಳ ಮೇಲೂ ಕಣ್ಣಿಡಿ. 'ಅಪ್ರೂವ್ಡ್' ಅಥವಾ 'ಅಪ್ರೂವಲ್' ಅಂತ ಇದ್ದರೆ ಕಾರು ಕಂಪನಿ ನೋಡಿ ಒಪ್ಪಿದೆ ಅಂತ ಅರ್ಥ. 'ಸೂಟಬಲ್ ಫಾರ್', 'ರೆಕಮೆಂಡೆಡ್ ಫಾರ್' ಅಂದರೆ ಆಯಿಲ್ ಕಂಪನಿ ತಾನೇ ಹೇಳಿಕೊಳ್ಳುತ್ತಿರುವುದು. ವಾರಂಟಿ ಇರುವ ಕಾರಿಗೆ ಮೊದಲನೆಯದನ್ನೇ ಹುಡುಕಿ.

ಟೈಮಿಂಗ್ ಬೆಲ್ಟ್, ಅಂದರೆ ಕ್ಯಾಮ್‌ಶಾಫ್ಟ್ ತಿರುಗಿಸುವ ಪಟ್ಟಿ, ಎಣ್ಣೆಯಲ್ಲೇ ಮುಳುಗಿ ಓಡುವ ಎಂಜಿನ್‌ಗಳೂ ಇವೆ. ಅವಕ್ಕಂತೂ ಈ ಹಂತ ಬಿಡಲೇಬೇಡಿ. ಹೊಂದದ ಎಣ್ಣೆಗೆ ಬೆಲ್ಟ್‌ನ ರಬ್ಬರ್ ಉಬ್ಬಿ, ಚೂರಾಗಿ, ಎಂಜಿನ್‌ನ ತಳದ ತಟ್ಟೆಯಲ್ಲಿರುವ ಪಂಪ್‌ನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಮೇಲೆ ಹೋಗುವುದೇ ನಿಲ್ಲುತ್ತದೆ.

ಹಂತ 5: ನಿಮ್ಮ ಓಡಾಟ ಎಂಥದ್ದು?

ಮ್ಯಾನ್ಯುಯಲ್ ಸಿಂಥೆಟಿಕ್ ಕೇಳಿದ್ದರೆ ಆಯ್ಕೆಯ ಪ್ರಶ್ನೆ ಇಲ್ಲ. ಮಿನರಲ್ ಸಾಕು ಅಂದಿದ್ದರೂ ಸಿಂಥೆಟಿಕ್ ಹಾಕಬಹುದಾ? ಹಾಕಬಹುದು. ದಿನಾ ಎರಡು ಮೂರು ಕಿಲೋಮೀಟರ್ ಹೋಗಿ ನಿಲ್ಲಿಸುವವರು, ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ನಿಂತು ಸಾಗುವವರು, ಭಾರ ಹೊತ್ತು ಗುಡ್ಡ ಹತ್ತಿಸುವವರು, ಇವರಿಗೆ ಕೊಟ್ಟ ದುಡ್ಡಿಗೆ ಬೆಲೆ ಸಿಗುತ್ತದೆ. ಟರ್ಬೊ ಇಲ್ಲದ ಸಾದಾ ಎಂಜಿನ್, ಹೆದ್ದಾರಿಯ ಓಟ, ಹೇಳಿದ ಹೊತ್ತಿಗೆ ಬದಲಿಸುವ ಅಭ್ಯಾಸ ಇದ್ದರೆ, ದರ್ಜೆ ಸರಿ ಇರುವ ಮಿನರಲ್ ಅಥವಾ ಸೆಮಿ ಸಿಂಥೆಟಿಕ್ ಸಾಕು. ಸುಮ್ನೆ ದುಬಾರಿಯದು ಹಾಕಿಸಬೇಕಾಗಿಲ್ಲ.

ಈಗ ದೊಡ್ಡ ಗುಂಡಿ. "ಸಿಂಥೆಟಿಕ್ ಹಾಕಿಸಿದ್ದೀನಿ, ಇನ್ನು 20,000 ಕಿ.ಮೀ. ಚಿಂತೆ ಇಲ್ಲ" ಅಂದುಕೊಳ್ಳುವುದು. ಬೇಸ್ ಆಯಿಲ್ ಗಟ್ಟಿ ಇರಬಹುದು, ಅಡಿಟಿವ್‌ಗಳು ಖರ್ಚಾಗುತ್ತಲೇ ಇರುತ್ತವೆ. ಚಿಕ್ಕ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲ್ ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಉಳಿದು ಅದನ್ನು ಕೆಡಿಸುತ್ತವೆ. ಹಾಗಾಗಿ ಮ್ಯಾನ್ಯುಯಲ್ ಕೊಟ್ಟ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲು ಬರುತ್ತದೋ ಅದಕ್ಕೇ ಬದಲಿಸಿ. ಅದೇ ಪುಟದಲ್ಲಿ 'ಸಿವಿಯರ್ ಸರ್ವೀಸ್' ಅಂದರೆ ಕಠಿಣ ಬಳಕೆಗೆ ಬೇರೆ ಅವಧಿ ಇರುತ್ತದೆ. ಧೂಳು, ಟ್ರಾಫಿಕ್, ಚಿಕ್ಕ ಓಡಾಟ ಎಲ್ಲ ಅದರಲ್ಲೇ ಬರುತ್ತವೆ. ಪ್ರಾಮಾಣಿಕವಾಗಿ ನೋಡಿದರೆ ನಮ್ಮಲ್ಲಿ ಬಹಳ ಮಂದಿ ಆ ಸಾಲಿನವರೇ.

ಹಂತ 6: ಕೊಳ್ಳುವಾಗ

ಡಬ್ಬದ ಮುಚ್ಚಳದ ಸೀಲ್ ಒಡೆದಿರಬಾರದು. ಬ್ಯಾಚ್ ಸಂಖ್ಯೆ, ತಯಾರಾದ ದಿನ ಅಳಿಸದ ಹಾಗೆ ಅಚ್ಚಾಗಿರಬೇಕು. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ಕಂಪನಿಯದೇ ಪುಟ ತೆರೆಯುತ್ತದಾ ನೋಡಿ. ಎಲ್ಲೆಡೆ ಇರುವುದಕ್ಕಿಂತ ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನ ಪಡಿ. ಗ್ಯಾರೇಜಿನಲ್ಲಿ ಡ್ರಮ್‌ನಿಂದ ಹಾಕುವುದಾದರೆ ಬಿಲ್ಲಿನಲ್ಲಿ ಗ್ರೇಡ್ ಮತ್ತು ದರ್ಜೆ ಎರಡನ್ನೂ ಬರೆಸಿ. 'ಎಂಜಿನ್ ಆಯಿಲ್' ಅಂತ ಒಂದೇ ಸಾಲು ಬರೆದರೆ ಒಪ್ಪಬೇಡಿ. ಆಯಿಲ್ ಜೊತೆಗೆ ಹೊಸ ಫಿಲ್ಟರ್, ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ತೆಗೆದುಕೊಳ್ಳಿ. ಹಳೇ ಫಿಲ್ಟರ್‌ನೊಳಗೆ ಕೊಳಕು ಎಣ್ಣೆ ಉಳಿದಿರುತ್ತದೆ, ಅದನ್ನು ಹಾಗೇ ಬಿಟ್ಟು ಹೊಸ ಎಣ್ಣೆ ಸುರಿಯುವುದು ನಷ್ಟ.

ಕಾರಿಗೆ ತಂದು ಮಿಕ್ಕ ಎಣ್ಣೆಯನ್ನು ಬೈಕಿಗೆ ಹಾಕಬೇಡಿ. ಬಹಳಷ್ಟು ಬೈಕುಗಳ ಕ್ಲಚ್ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನ ಎಣ್ಣೆಯಲ್ಲಿರುವ ಘರ್ಷಣೆ ಕಡಿಮೆ ಮಾಡುವ ಅಡಿಟಿವ್‌ನಿಂದ ಕ್ಲಚ್ ಜಾರಲು ಶುರುವಾಗಬಹುದು. ಅಂಥ ಬೈಕಿಗೆ ಜಾಸೋ ಎಂಎ ಅನ್ನುವ, ಬೈಕ್ ಎಣ್ಣೆಗೆಂದೇ ಇರುವ ಜಪಾನಿನ ಗುರುತಿನ ಎಣ್ಣೆಯೇ ಬೇಕು.

ಹಂತ 7: ಹಾಕಿಸಿದ ಮೇಲೆ ಅಳತೆ ನೋಡಿ

ಇದನ್ನು ಯಾರ ಮೇಲೂ ಬಿಡಬೇಡಿ, ನೀವೇ ಮಾಡಿ. ಎಣ್ಣೆ ತುಂಬಿದ ಮೇಲೆ ಎಂಜಿನ್ ಒಂದೆರಡು ನಿಮಿಷ ಓಡಲಿ. ಎಣ್ಣೆಯ ದೀಪ ಆರಿತಾ ನೋಡಿ. ಕೆಳಗೆ ಬಗ್ಗಿ ಫಿಲ್ಟರ್ ಹತ್ತಿರ ಸೋರುತ್ತಿದೆಯಾ ನೋಡಿ. ಆಮೇಲೆ ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ ಐದರಿಂದ ಹತ್ತು ನಿಮಿಷ ಕಾಯಿರಿ. ಮೇಲಿನ ಎಣ್ಣೆ ಸಂಪ್‌ಗೆ, ಅಂದರೆ ತಳದ ತಟ್ಟೆಗೆ ಇಳಿಯಬೇಕು.

ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ, ಹೊರಗೆಳೆದು ಬಟ್ಟೆಯಿಂದ ಒರೆಸಿ. ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬೇಡಿ, ಕೊಳವೆಯ ಗೋಡೆಯ ಎಣ್ಣೆ ಹತ್ತಿಕೊಂಡಿರುತ್ತದೆ. ಕಡ್ಡಿಯ ಎರಡೂ ಬದಿ ನೋಡಿ. ಎರಡು ಬದಿಯಲ್ಲಿ ಎತ್ತರ ಬೇರೆ ಬೇರೆ ಕಂಡರೆ ಕೆಳಗಿನದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಣ್ಣೆ ಕನಿಷ್ಠ ಮತ್ತು ಗರಿಷ್ಠ ಗುರುತುಗಳ ನಡುವೆ, ಗರಿಷ್ಠದ ಹತ್ತಿರ ಇರಬೇಕು. ಹೆಚ್ಚಿನ ಕಾರುಗಳಲ್ಲಿ ಈ ಎರಡು ಗುರುತಿನ ಅಂತರ ಸುಮಾರು 1 ಲೀಟರ್. ಗರಿಷ್ಠ ದಾಟಿದ್ದರೆ "ಜಾಸ್ತಿ ಇದ್ದರೆ ಒಳ್ಳೇದೇ" ಅನ್ನಬೇಡಿ. ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎಣ್ಣೆಗೆ ಬಡಿದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಬೇರಿಂಗ್ ಕಾಯುವುದಿಲ್ಲ. ಹೆಚ್ಚಿಗೆ ಇರುವುದನ್ನು ತೆಗೆಸಿ.

ಪದೇ ಪದೇ ಕೇಳುವ ಕೆಲವು ಪ್ರಶ್ನೆಗಳು

ಮಿನರಲ್‌ನಿಂದ ಸಿಂಥೆಟಿಕ್‌ಗೆ ಬದಲಾದರೆ ತೊಂದರೆಯಾ? ಇಲ್ಲ. ಎರಡೂ ಬೆರೆಯುತ್ತವೆ. ದಾರಿಯಲ್ಲಿ ಎಣ್ಣೆ ಕಡಿಮೆಯಾದಾಗ ಬೇರೆ ಬ್ರಾಂಡಿನದು ಹಾಕಿ ಮನೆ ಸೇರಬಹುದು, ಗ್ರೇಡ್ ಮತ್ತು ದರ್ಜೆ ಹೊಂದಿದರೆ ಸಾಕು. ಖಾಲಿ ಎಂಜಿನ್ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ. ತೀರಾ ಹಳೇ ಎಂಜಿನ್‌ನಲ್ಲಿ ಸೀಲ್ ಸುತ್ತ ಕಟ್ಟಿಕೊಂಡ ಕೊಳೆಯೇ ಸೋರಿಕೆ ತಡೆದಿರುತ್ತದೆ. ಹೊಸ ಎಣ್ಣೆ ಆ ಕೊಳೆ ತೊಳೆದಾಗ ಸೋರಿಕೆ ಕಾಣಿಸಬಹುದು. ಸೀಲ್ ಹೋಗಿದ್ದು ಮೊದಲೇ, ಅದನ್ನೇ ಬದಲಿಸಿ.

ಎಣ್ಣೆ ಕಪ್ಪಾದರೆ ಕೆಟ್ಟಿತು ಅಂತಲಾ? ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಮಸಿಯನ್ನು ತನ್ನೊಳಗೆ ತೇಲಿಸಿಕೊಳ್ಳುವುದೇ ಎಣ್ಣೆಯ ಕೆಲಸ. ಡೀಸೆಲ್ ಎಂಜಿನ್‌ನಲ್ಲಂತೂ ಹಾಕಿದ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ. ಹೆದರಬೇಕಾದದ್ದು ಹಾಲು ಬೆರೆಸಿದ ಹಾಗೆ ಬೆಳ್ಳಗಾದರೆ. ಕೂಲಂಟ್ ಒಳಗೆ ಸೇರುತ್ತಿರಬಹುದು, ಕಾರು ಓಡಿಸದೆ ಮೆಕ್ಯಾನಿಕ್‌ನ ಕರೆಸಿ.

ಬೇರೆಯಾಗಿ ಮಾರುವ ಅಡಿಟಿವ್ ಬಾಟಲಿ ಬೇಕಾ? ಬೇಡ. ದರ್ಜೆ ಪಾಸಾದ ಎಣ್ಣೆಯಲ್ಲಿ ಬೇಕಾದ ಅಡಿಟಿವ್‌ಗಳು ಅಳತೆ ಪ್ರಕಾರ ಇರುತ್ತವೆ. ಮೇಲಿಂದ ಇನ್ನೇನೋ ಸುರಿದರೆ ಆ ಅಳತೆ ತಪ್ಪುತ್ತದೆ.

ತೆಗೆದ ಹಳೇ ಎಣ್ಣೆಯನ್ನು ಏನು ಮಾಡಲಿ? ಮಣ್ಣಿಗೆ, ಚರಂಡಿಗೆ ಸುರಿಯಬೇಡಿ, ನೀರಿಗೆ ಸೇರುತ್ತದೆ. ಮುಚ್ಚಳ ಇರುವ ಡಬ್ಬಕ್ಕೆ ತುಂಬಿ, ಹಳೇ ಎಣ್ಣೆ ಪಡೆಯುವ ಗ್ಯಾರೇಜ್ ಅಥವಾ ಸಂಗ್ರಹ ಕೇಂದ್ರಕ್ಕೆ ಕೊಡಿ. ಬಳಸಿದ ಎಣ್ಣೆ ಚರ್ಮಕ್ಕೆ ಪದೇ ಪದೇ ತಗುಲುವುದು ಒಳ್ಳೆಯದಲ್ಲ, ಗ್ಲೌಸ್ ಹಾಕಿಕೊಳ್ಳಿ. ಕೈ ತೊಳೆದ ಮೇಲೆ ಒಂದು ಚೀಟಿಯಲ್ಲಿ ದಿನಾಂಕ, ಕಿಲೋಮೀಟರ್, ಗ್ರೇಡ್, ದರ್ಜೆ ಬರೆದು ಮ್ಯಾನ್ಯುಯಲ್‌ನ ಅದೇ ಪುಟದಲ್ಲಿ ಇಟ್ಟುಬಿಡಿ.